ಬಚ್ಚಲ ನೀರು ಬೇಲಿ ದಾಟಿದ ಮೇಲೆ

“ಮನೆಗೆ ನೀರು ಬರೋಕೆ ಪೈಪು ಹಾಕಿದ್ರು, ನಲ್ಲಿ ಹಾಕಿದ್ರು, ಅರಿಶಿನ ಕುಂಕುಮ ಇಟ್ಟು ತೆಂಗಿನಕಾಯಿನೂ ಒಡೆದ್ರು. ಅದೇ ನೀರು ಮನೆಯಿಂದ ಆಚೆ ಹೋಗೋಕೆ ಏನು ಮಾಡಿದ್ರು, ನೀನೇ ಹೇಳಮ್ಮ?”

ಪಕ್ಕದ ಮನೆ ದೊಡ್ಡಮ್ಮನ ಈ ಪ್ರಶ್ನೆಗೆ ನಮ್ಮೂರಿನಲ್ಲಿ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ನಮ್ಮಿಬ್ಬರ ಹಿತ್ತಿಲ ನಡುವೆ ಇರುವುದು ಒಂದು ಕಳ್ಳಿ ಬೇಲಿ. ಅದು ಮಾತಿಗೂ ಅಡ್ಡಿಯಲ್ಲ, ಬಚ್ಚಲ ನೀರಿಗೂ ಅಡ್ಡಿಯಲ್ಲ. ಅವರ ಮನೆಯ ನೀರು ನಮ್ಮ ಹಿತ್ತಿಲಿಗೆ ಬರುತ್ತದೆ, ನಮ್ಮದು ಕೆಳಗಿನ ಮನೆಯವರ ಅಂಗಳಕ್ಕೆ ಹೋಗುತ್ತದೆ, ಅವರದು ಬೀದಿಗೆ. ಹರಟೆ ಟೊಮೆಟೊ ರೇಟಿನಿಂದ ಶುರುವಾಗಲಿ, ಯಾರದೋ ಮನೆಯ ಮದುವೆಯಿಂದ ಶುರುವಾಗಲಿ, ಕಡೆಗೆ ಬಂದು ನಿಲ್ಲುವುದು ಇದೇ ನೀರಿನ ಹತ್ತಿರ.

ನಮ್ಮದು ಕೋಲಾರ ಜಿಲ್ಲೆ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಇದ್ದದ್ದು ಕೆರೆಗಳು, ಆಮೇಲೆ ತೆರೆದ ಬಾವಿಗಳು, ಈಗ ಸಾವಿರ ಅಡಿ ದಾಟಿ ಇಳಿದ ಬೋರ್‌ವೆಲ್‌ಗಳು. ಇಂಥ ಸೀಮೆಯಲ್ಲಿ ಒಂದು ಬಿಂದಿಗೆ ನೀರು ಕೂಡ ಲೆಕ್ಕಕ್ಕೆ ಬರಬೇಕು. ಆದರೆ ನಾವು ಲೆಕ್ಕ ಇಡುವುದು ಬರುವ ನೀರಿಗೆ ಮಾತ್ರ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಹಳ್ಳಿಗೆ ಬಂತು. ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಎಂಬುದು ಗುರಿ. ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಹೆಂಗಸರು ಕಳೆದ ಬೆಳಗುಗಳನ್ನು ನೆನೆದರೆ, ಇದು ಬಹಳ ದೊಡ್ಡ ಕೆಲಸ ಎಂದೇ ನಾನು ಹೇಳುತ್ತೇನೆ. ಆದರೆ ಆ 55 ಲೀಟರಿನಲ್ಲಿ ನಾವು ಕುಡಿಯುವುದು, ಅಡಿಗೆಗೆ ಹಾಕುವುದು ಎಷ್ಟು? ಸ್ನಾನ, ಬಟ್ಟೆ, ಪಾತ್ರೆ ಎಂದು ಮೂರರಲ್ಲಿ ಎರಡು ಪಾಲಾದರೂ ಕೊಳೆಯಾಗಿ ಆಚೆ ಬರುತ್ತದೆ. ಐದು ಜನರ ಮನೆಯಿಂದ ದಿನಕ್ಕೆ ಸುಮಾರು 180 ಲೀಟರ್. ಇನ್ನೂರು ಮನೆಯ ಊರಿನಿಂದ 36,000 ಲೀಟರ್. ಬೇಸಿಗೆಯಲ್ಲಿ ನೀರು ಹೊಡೆಯುವ ಟ್ಯಾಂಕರ್ 5,000 ಲೀಟರಿನದು ಎಂದುಕೊಂಡರೆ, ಅಂಥ ಏಳು ಟ್ಯಾಂಕರ್ ಕೊಳೆ ನೀರನ್ನು ಪ್ರತಿದಿನ ಬೀದಿಗೆ ಸುರಿದಂತೆ.

ದೊಡ್ಡಮ್ಮನಿಗೆ ಈ ಲೆಕ್ಕ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮತ್ತೆ ಕಾಲದಲ್ಲಿ ಇಷ್ಟು ನೀರು ಆಚೆ ಹೋಗ್ತಾನೇ ಇರ್ಲಿಲ್ಲ” ಅಂದರು. ಆ ಮಾತು ನಿಜ. ಸೊಂಟದ ಮೇಲೆ ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿ ಕಲಗಚ್ಚಾಗಿ ಎಮ್ಮೆಯ ಮುಂದೆ ಹೋಗುತ್ತಿತ್ತು. ಪಾತ್ರೆ ತಿಕ್ಕುತ್ತಿದ್ದದ್ದು ಬೂದಿ, ತೆಂಗಿನ ನಾರಿನಲ್ಲಿ. ತಲೆಗೆ ಸೀಗೆಪುಡಿ. ಬಚ್ಚಲ ಮೋರಿಯ ಬಾಯಲ್ಲಿ ಒಂದು ಬಾಳೆ ಬುಡ, ಒಂದಿಷ್ಟು ಕೆಸು, ಪಕ್ಕದಲ್ಲಿ ನುಗ್ಗೆ. ಬಂದ ನೀರನ್ನು ಆ ಗಿಡಗಳೇ ಕುಡಿದು ಮುಗಿಸುತ್ತಿದ್ದವು. ಈಗ ಎಮ್ಮೆ ಕಟ್ಟುವವರು ಕಡಿಮೆ, ಬೂದಿಯ ಜಾಗಕ್ಕೆ ಸೋಪು, ಸೀಗೆಯ ಜಾಗಕ್ಕೆ ಶಾಂಪೂ, ಹಿತ್ತಿಲಿನ ಜಾಗಕ್ಕೆ ಇನ್ನೊಂದು ರೂಮು. ನೀರು ನಾಲ್ಕು ಪಟ್ಟಾಯಿತು, ಅದನ್ನು ಕುಡಿಯುವ ಬಾಳೆ ಬುಡ ಕಾಂಕ್ರೀಟಿನ ಅಡಿಗೆ ಹೋಯಿತು.

ಆಗ ಎಲ್ಲರೂ ಕೇಳಿದ್ದು ಚರಂಡಿ. ಪಂಚಾಯ್ತಿ ಎಲೆಕ್ಷನ್ ಬಂದರೆ ಸಿಮೆಂಟ್ ರಸ್ತೆ, ಅದರ ಎರಡೂ ಬದಿಗೆ ಬಾಕ್ಸ್ ಚರಂಡಿ. ಕಟ್ಟಿಸಿಕೊಟ್ಟವರಿಗೆ ಓಟು. ಆದರೆ ಚರಂಡಿ ನೀರನ್ನು ಶುದ್ಧ ಮಾಡುವುದಿಲ್ಲ, ನನ್ನ ಬಾಗಿಲಿನಿಂದ ನಿಮ್ಮ ಬಾಗಿಲಿಗೆ ತಂದುಬಿಡುತ್ತದೆ, ಅಷ್ಟೇ. ನಮ್ಮ ಸೀಮೆಯ ಯಾವ ಊರಿಗೆ ಬೇಕಾದರೂ ಹೋಗಿ, ಚರಂಡಿಯ ಜೊತೆಗೇ ಇಳಿಜಾರಿನಲ್ಲಿ ನಡೆದು ನೋಡಿ. ಬಹಳ ಊರುಗಳಲ್ಲಿ ಅದು ಕೊನೆಗಾಣುವುದು ತಗ್ಗಿನ ಕೇರಿಯಲ್ಲಿ, ಆ ಕೇರಿಯಲ್ಲಿ ಯಾರಿದ್ದಾರೆ ಎಂದು ಕೇಳುವ ಅಗತ್ಯವೂ ಬೀಳುವುದಿಲ್ಲ. ಮೇಲಿನ ಬೀದಿಯವರ ಸ್ನಾನದ ನೀರು ದಲಿತರ ಮನೆಗಳ ಮುಂದೆ ಹಸಿರು ಪಾಚಿ ಕಟ್ಟಿ ನಿಂತಿರುತ್ತದೆ. ಅಲ್ಲಿನ ಮಕ್ಕಳು ಅದನ್ನು ದಾಟಿಕೊಂಡು ಅಂಗನವಾಡಿಗೆ ಬರುತ್ತಾರೆ. ಇದನ್ನು ಊರಿನ ಇಳಿಜಾರು ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ನೀರು ತಗ್ಗಿಗೆ ಹರಿಯುವುದು ಸ್ವಭಾವ. ತಗ್ಗಿನಲ್ಲಿ ಯಾರನ್ನು ಇರಿಸಿದ್ದೇವೆ ಎಂಬುದು ನಾವು ಮಾಡಿದ್ದು.

ನಿಂತ ನೀರಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದಕ್ಕೆ ಹುಡುಕುವುದೇ ಇಂಥ ಕೊಳೆ ನೀರನ್ನು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುವುದಕ್ಕೆ ವಾರ, ಹತ್ತು ದಿನ ಸಾಕು. ಆನೆಕಾಲು ರೋಗ ಹರಡುವುದು ಈ ಸೊಳ್ಳೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೆ, ಕರಾವಳಿಯವರಿಗೆ ಆ ಕಾಯಿಲೆಯ ಪರಿಚಯ ಮಾಡಿಕೊಡಬೇಕಿಲ್ಲ. ಡೆಂಗಿ ತರುವ ಸೊಳ್ಳೆ ಬೇರೆ, ಅದು ತೊಟ್ಟಿ, ಡ್ರಮ್ಮಿನಲ್ಲಿ ತುಂಬಿಟ್ಟ ಒಳ್ಳೆ ನೀರಿನಲ್ಲಿ ಬೆಳೆಯುತ್ತದೆ. ಎರಡಕ್ಕೂ ಒಂದೇ ಮದ್ದು ಎಂದು ಚರಂಡಿಗೆ ಪೌಡರ್ ಎರಚಿ ಹೋದರೆ ಪ್ರಯೋಜನವಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳದ್ದು. ಕುಡಿಯುವ ನೀರಿನ ಪೈಪು ಎಷ್ಟೋ ಕಡೆ ಚರಂಡಿಯ ಒಳಗೇ ಹಾದುಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ನೀರು ಬಿಡುವುದು ದಿನಕ್ಕೆ ಸ್ವಲ್ಪ ಹೊತ್ತು. ನೀರು ಹರಿಯುವಾಗ ಪೈಪಿನ ಬಿರುಕಿನಿಂದ ನೀರು ಆಚೆ ಚಿಮ್ಮುತ್ತದೆ. ನೀರಗಂಟಿ ವಾಲ್ವ್ ತಿರುಗಿಸಿ ನಿಲ್ಲಿಸಿದ ಮೇಲೆ ಪೈಪು ಬರಿದಾಗುತ್ತದೆ, ಆಗ ಅದೇ ಬಿರುಕು ಆಚೆಯ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ಎರಡು ಬಿಂದಿಗೆ ಯಾರ ಮನೆಗೆ ಹೋಗುತ್ತದೋ ಆ ಮನೆಯ ಮಗುವಿಗೆ ವಾಂತಿ ಭೇದಿ. ಹೋಗುವ ನೀರಿಗೆ ದಾರಿ ಮಾಡದೆ ಬರುವ ನೀರನ್ನು ಮಾತ್ರ ಚೊಕ್ಕ ಇಡುತ್ತೇವೆ ಅನ್ನುವುದು ಆಗದ ಮಾತು.

ಹಾಗಾದರೆ ಏನು ಮಾಡಬೇಕು? ನನಗಿರುವ ಅಭಿಪ್ರಾಯ ಒಂದೇ, ಅದನ್ನು ದೊಡ್ಡಮ್ಮನ ಹತ್ತಿರ ಎಷ್ಟು ಸಲ ಹೇಳಿದ್ದೇನೋ: ಬಚ್ಚಲ ನೀರು ಬೇಲಿ ದಾಟಬಾರದು. ಹುಟ್ಟಿದ ಮನೆಯ ಹಿತ್ತಿಲಲ್ಲೇ ಅದಕ್ಕೊಂದು ನೆಲೆ ಆಗಬೇಕು. ಹಿತ್ತಿಲಿಲ್ಲದ ಮನೆಗಳ ನೀರು ಮಾತ್ರ ಬೀದಿಗೆ, ಬೀದಿಯದು ಊರ ಹೊರಗೆ, ಅಲ್ಲಿ ಶುದ್ಧವಾದದ್ದು ಹೊಲಕ್ಕೆ. ಪಟ್ಟಣದವರಂತೆ ಊರೆಲ್ಲ ಅಗೆದು ಒಳಚರಂಡಿ ಹಾಕಿ, ಪಂಪು ಕೂರಿಸಿ, ಕರೆಂಟು ಸುಟ್ಟು, ಆಪರೇಟರಿಗೆ ಸಂಬಳ ಕೊಡುವ ಕೆಲಸ ಇನ್ನೂರು ಮನೆಯ ಊರಿಗೆ ಬೇಕಿಲ್ಲ. ನಮಗೆ ಪಟ್ಟಣಕ್ಕಿಲ್ಲದ ಒಂದು ಭಾಗ್ಯ ಇದೆ, ಮಣ್ಣು. ಕೊಳೆ ತಿನ್ನುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅದರಲ್ಲಿ ಕೂಲಿಯಿಲ್ಲದೆ ದುಡಿಯುತ್ತವೆ. ನಾವು ಮಾಡಬೇಕಾದ್ದು ಅವುಗಳ ಮೇಲೆ ಒಮ್ಮೆಲೇ ಹೊರೆ ಹೇರದಂತೆ ನೋಡಿಕೊಳ್ಳುವುದು.

ಉದ್ಯೋಗ ಖಾತ್ರಿಯಲ್ಲಿ ಬಚ್ಚಲುಗುಂಡಿ ತೆಗೆಸುವ ಕೆಲಸ ಕೆಲವು ವರ್ಷ ನಮ್ಮ ರಾಜ್ಯದಲ್ಲಿ ಜೋರಾಗಿ ನಡೆಯಿತು. ಒಳ್ಳೆಯ ಕೆಲಸ. ಬೀದರಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯವರು ಇದನ್ನು ನಮಗಿಂತ ಮೊದಲೇ ಮಾಡಿ ತೋರಿಸಿದ್ದರು. ತೆಂಭುರ್ಣಿ ಎಂಬ ಹಳ್ಳಿಯಲ್ಲಿ ಮನೆ ಮನೆಗೂ ಇಂಗುಗುಂಡಿ ತೆಗೆದು, ತೆರೆದ ಚರಂಡಿಯ ಅಗತ್ಯವೇ ಇಲ್ಲದಂತೆ ಮಾಡಿಕೊಂಡರು. ಸೊಳ್ಳೆ ಇಳಿದದ್ದನ್ನು ಕಂಡು ಸುತ್ತಲಿನ ಊರಿನವರೂ ಅದೇ ದಾರಿ ಹಿಡಿದರು, ಜಿಲ್ಲೆಯ ಹೆಸರಿನಲ್ಲೇ ಆ ಪದ್ಧತಿ ಪ್ರಸಿದ್ಧವಾಯಿತು.

ಗುಂಡಿಯ ವಿಷಯದಲ್ಲಿ ದೊಡ್ಡಮ್ಮನಿಗೆ ನಂಬಿಕೆ ಕಡಿಮೆ. “ಆ ಕಡೆ ಬೀದಿಲಿ ತೆಗೆದ್ರಲ್ಲ, ಆರು ತಿಂಗಳಿಗೆ ತುಂಬಿ ಉಕ್ತು. ಮೊದ್ಲಾದ್ರೆ ನೀರು ಹರಿದು ಹೋಗ್ತಿತ್ತು, ಈಗ ಬಾಗಿಲಲ್ಲೇ ನಿಂತು ನಾರ್ತದೆ.” ಅವರು ಹೇಳಿದ ಗುಂಡಿಯನ್ನು ಹೋಗಿ ನೋಡಿದೆ. ಕಲ್ಲು ತುಂಬಿದ್ದರು, ಮೇಲೆ ಚಪ್ಪಡಿ ಮುಚ್ಚಿದ್ದರು, ಎಲ್ಲ ಸರಿ. ಆದರೆ ಬಚ್ಚಲಿಗೂ ಗುಂಡಿಗೂ ನಡುವೆ ಇರಬೇಕಾದ ಸಣ್ಣ ತೊಟ್ಟಿ ಇರಲಿಲ್ಲ. ಅದೇ ಮುಖ್ಯ. ಒಂದೂವರೆ ಅಡಿ ಉದ್ದಗಲದ, ಸಿಮೆಂಟ್ ಬಳಿದ ಒಂದು ತೊಟ್ಟಿ. ನೀರು ಮೊದಲು ಬಂದು ಅದರಲ್ಲಿ ನಿಲ್ಲಬೇಕು. ಅನ್ನದ ಅಗುಳು, ಮರಳು ತಳಕ್ಕೆ ಕೂರುತ್ತದೆ, ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ, ಕೂದಲು ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ನಡುವಿನ ತಿಳಿ ಮಾತ್ರ ಪೈಪಿನಲ್ಲಿ ಗುಂಡಿಗೆ ಹೋಗಬೇಕು. ಇದಿಲ್ಲದಿದ್ದರೆ ಸೋಪಿನ ಜಿಡ್ಡು, ಸಾರಿನ ಎಣ್ಣೆ ನೇರ ಗುಂಡಿಗೆ ಇಳಿದು ಮಣ್ಣಿನ ಸಣ್ಣ ಸಣ್ಣ ಕಂಡಿಗಳನ್ನು ಮುಚ್ಚಿಬಿಡುತ್ತದೆ, ಆಮೇಲೆ ಆ ಗುಂಡಿ ಬರೀ ತೊಟ್ಟಿ. ವಾರಕ್ಕೊಮ್ಮೆ ಆ ಸಣ್ಣ ತೊಟ್ಟಿಯ ಗಸಿ ಬಳಿದು ತಿಪ್ಪೆಗೆ ಹಾಕಬೇಕು. ಕೆಲವು ವರ್ಷಕ್ಕೆ ಇಂಗುವುದು ನಿಧಾನವಾದರೆ ಗುಂಡಿಯ ಕಲ್ಲು ತೆಗೆದು, ತೊಳೆದು, ಒಣಗಿಸಿ ಮತ್ತೆ ತುಂಬಬೇಕು. ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಜಲ್ಲಿ. ಪಾಯಿಖಾನೆಯ ನೀರನ್ನು ಮಾತ್ರ ಈ ಗುಂಡಿಗೆ ಯಾವ ಕಾರಣಕ್ಕೂ ಬಿಡಬಾರದು, ಅದರ ದಾರಿಯೇ ಬೇರೆ.

ಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಎಂಬುದನ್ನು ಸರ್ಕಾರದ ನಕ್ಷೆ ಮರೆಯುತ್ತದೆ. ಒಂದೇ ಅಳತೆಯ ಗುಂಡಿಯ ಚಿತ್ರ ಬೀದರಿಗೂ ಬರುತ್ತದೆ, ಬಂಟ್ವಾಳಕ್ಕೂ ಬರುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಮೂರು ನಾಲ್ಕು ಅಡಿಯ ಗುಂಡಿ ಒಂದು ಮನೆಯ ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ನನ್ನ ತಂಗಿಯನ್ನು ಕೊಟ್ಟಿರುವ ಗದಗಿನ ಕಡೆ ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಮುಚ್ಚಿಕೊಂಡು ಹನಿಯನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿ ಎರೆ ದಾಟಿ ಕೆಳಗಿನ ಗರಸು ಸಿಗುವವರೆಗೆ ತೋಡಬೇಕು, ಇಲ್ಲವೆಂದರೆ ನೀರನ್ನು ಉದ್ದ ಕಾಲುವೆಯಲ್ಲಿ ಬಾಳೆ, ಕಬ್ಬು, ಹುಲ್ಲಿನ ಮಡಿಗೆ ಹಾಯಿಸಬೇಕು. ಕರಾವಳಿಯ ಕಷ್ಟ ಇದಕ್ಕೆ ತಿರುವುಮುರುವು. ಅಲ್ಲಿನ ಮುರಕಲ್ಲಿನ ಸಂದುಗಳಲ್ಲಿ ನೀರು ಸರಸರ ಇಳಿದುಹೋಗುತ್ತದೆ. ಮಣ್ಣಿಗೆ ಅದನ್ನು ಸೋಸಲು ಪುರುಸೊತ್ತೇ ಸಿಗುವುದಿಲ್ಲ, ಗುಂಡಿಯ ಕೊಳೆ ಹತ್ತಿರದ ಬಾವಿಗೆ ಹೋಗಿಬಿಡಬಹುದು. ಮನೆಗೊಂದು ಬಾವಿ ಇರುವ ಊರುಗಳು ಅವು. ಅದಕ್ಕೇ ಗುಂಡಿ ತೆಗೆಯುವ ಮೊದಲು ಆ ಜಾಗದಲ್ಲಿ ಒಂದು ಸಣ್ಣ ಕುಳಿ ತೋಡಿ, ನೀರು ತುಂಬಿ, ಅದು ಇಳಿಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು ಒಳ್ಳೆಯದು. ಎಂಜಿನಿಯರ್ ಬೇಕಿಲ್ಲ, ಹಾರೆ ಮತ್ತು ಗಡಿಯಾರ ಇದ್ದರೆ ಸಾಕು.

ಪಾಯಿಖಾನೆಯ ಮಾತು ಬಂದಾಗ ದೊಡ್ಡಮ್ಮನ ಮಗ, ಗಾರೆ ಕೆಲಸದ ಅಣ್ಣ, ಬೇಲಿ ಹತ್ತಿರ ಬಂದು ನಿಲ್ಲುತ್ತಾನೆ. ಸುತ್ತಲಿನ ಊರುಗಳಲ್ಲಿ ಎಷ್ಟೋ ಪಾಯಿಖಾನೆ ಕಟ್ಟಿದವನು. “ಎಲ್ರೂ ಕೇಳೋದು ಸೇಫ್ಟಿ ಟ್ಯಾಂಕೇ ಕಣಮ್ಮ. ಇಲ್ಲಾಂದ್ರೆ ಹದಿನೈದು ಅಡಿ ರಿಂಗ್ ಇಳಿಸು ಅಂತಾರೆ. ಎಷ್ಟು ದೊಡ್ಡದಾದ್ರೆ ಅಷ್ಟು ವರ್ಷ ಆ ಕಡೆ ತಿರುಗಿ ನೋಡೋ ಹಂಗಿಲ್ಲ ಅಂತ ಅವರ ಲೆಕ್ಕ.” ಆ ಲೆಕ್ಕದ ಹಿಂದೆ ಇರುವ ಹೆದರಿಕೆಯೂ ನನಗೆ ಗೊತ್ತು: ತುಂಬಿದರೆ ಬಳಿಯುವವರು ಯಾರು?

ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕು ಕೆಟ್ಟದ್ದಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕು, ಆಚೆ ಬರುವ ನೀರನ್ನು ಇಂಗುಗುಂಡಿಗೆ ಬಿಡಬೇಕು. ಟ್ಯಾಂಕಿನಿಂದ ಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರ ಅರ್ಧದಷ್ಟು ಕೊಳೆ ಇನ್ನೂ ಉಳಿದಿರುತ್ತದೆ, ರೋಗಾಣುಗಳು ಧಾರಾಳವಾಗಿ ಇರುತ್ತವೆ. ನಮ್ಮಲ್ಲಿ ಆ ಪೈಪನ್ನು ನೇರ ಚರಂಡಿಗೆ ಬಿಡುವುದೇ ರೂಢಿಯಾಗಿದೆ. ಇನ್ನು ಹದಿನೈದು ಅಡಿ ರಿಂಗಿನ ಗುಂಡಿ, ಅಂತರ್ಜಲ ಮೇಲೆ ಇರುವ ಜಾಗದಲ್ಲಿ ತೆಗೆದರೆ ಮಲವನ್ನು ನೇರ ಕುಡಿಯುವ ನೀರಿಗೆ ಸೇರಿಸಿದ ಹಾಗೆ. ಅಲ್ಲಿಂದ ನೈಟ್ರೇಟ್ ನೀರಿಗೆ ಇಳಿಯುತ್ತದೆ. ನಮ್ಮ ದೇಶದ ಮಾನಕದಲ್ಲಿ ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಅದು ಬಹಳ ಅಪಾಯ.

ನನ್ನ ಮನಸ್ಸಿಗೆ ಒಪ್ಪಿದ್ದು ಎರಡು ಗುಂಡಿಯ ಪಾಯಿಖಾನೆ. ಒಂದು ಮೀಟರ್ ಅಗಲ, ಒಂದು ಮೀಟರಿಗೆ ತುಸು ಹೆಚ್ಚು ಆಳದ ಎರಡು ಗುಂಡಿ, ನಡುವೆ ಒಂದು ಮೀಟರ್ ಅಂತರ. ಗೋಡೆಗೆ ಸಂದು ಬಿಟ್ಟು ಇಟ್ಟಿಗೆ ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. ಎರಡಕ್ಕೂ ಕವಲಾಗುವ ಒಂದು ಸಣ್ಣ ಚೇಂಬರ್. ಮೊದಲು ಒಂದನ್ನೇ ಬಳಸಬೇಕು, ಇನ್ನೊಂದರ ದಾರಿಯನ್ನು ಇಟ್ಟಿಗೆಯಿಟ್ಟು ಮುಚ್ಚಿರಬೇಕು. ಐದಾರು ಜನರ ಮನೆಯಲ್ಲಿ ಒಂದು ಗುಂಡಿ ತುಂಬಲು ಐದಾರು ವರ್ಷ. ತುಂಬಿದಾಗ ಇಟ್ಟಿಗೆಯನ್ನು ಈಚೆಯಿಂದ ಆಚೆಗೆ ಬದಲಿಸಿದರೆ ಆಯಿತು. ಮುಚ್ಚಿಟ್ಟ ಗುಂಡಿಯಲ್ಲಿ ನೀರು ಇಂಗಿ, ಮಲ ಕೊಳೆತು, ರೋಗಾಣುಗಳು ಸತ್ತು, ಒಂದೂವರೆ ಎರಡು ವರ್ಷದಲ್ಲಿ ಕಪ್ಪು ಮಣ್ಣಿನಂಥ ಗೊಬ್ಬರ ಉಳಿಯುತ್ತದೆ. ವಾಸನೆ ಇರುವುದಿಲ್ಲ.

“ಹೇಳೋಕೆ ಚೆನ್ನಾಗಿದೆ, ಅದನ್ನ ಮುಟ್ಟೋರು ಯಾರು?” ಎಂದು ದೊಡ್ಡಮ್ಮ ಮೂಗು ಮುರಿದರು. ಆಗ ನಾನು ಅವರಿಗೆ ಗಂಗದೇವಿಪಲ್ಲಿಯ ಸಂಗತಿ ಹೇಳಿದೆ. ತೆಲಂಗಾಣದ ವಾರಂಗಲ್ ಕಡೆಯ ಹಳ್ಳಿ ಅದು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅಲ್ಲಿ ಒಂದು ಮನೆಯ ಮಾಗಿದ ಪಾಯಿಖಾನೆ ಗುಂಡಿಗೆ ತಾವೇ ಇಳಿದು ಅದರೊಳಗಿನ ಗೊಬ್ಬರವನ್ನು ಕೈಯಾರೆ ಎತ್ತಿ ಹಾಕಿದರು. ದಿಲ್ಲಿಯ ದೊಡ್ಡ ಅಧಿಕಾರಿ ಮಾಡಿದ ಮೇಲೆ ಮುಟ್ಟಬಾರದ್ದು ಏನಿದೆ ಎಂದು ತೋರಿಸುವುದಕ್ಕೇ ಅವರು ಹಾಗೆ ಮಾಡಿದ್ದು. ದೊಡ್ಡಮ್ಮ ಕಣ್ಣರಳಿಸಿ, “ಅಯ್ಯರ್ರಾ?” ಎಂದು ಎರಡು ಸಲ ಕೇಳಿದರು.

ಆ ಎರಡು ಸಲದ ಪ್ರಶ್ನೆಯೊಳಗೇ ಇಡೀ ವಿಷಯ ಇದೆ. ಗುಂಡಿ ತುಂಬಿದರೆ ಬಳಿಯುವುದಕ್ಕೆ ಒಂದು ಜಾತಿಯಿದೆ ಎಂದು ನಂಬಿಕೊಂಡು ಬಂದ ಸಮಾಜ ನಮ್ಮದು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟಿದ್ದು 1970ರ ದಶಕದಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಹಾಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಸೇರಿಸಿ ನಿಷೇಧಿಸಿದ ಕಾಯ್ದೆ ಬಂದದ್ದು 2013ರಲ್ಲಿ. ಆದರೂ ಟ್ಯಾಂಕಿಗೆ ಇಳಿದು ಸತ್ತವರ ಸುದ್ದಿ ನಿಂತಿಲ್ಲ. ಒಬ್ಬ ಇಳಿಯುತ್ತಾನೆ, ಒಳಗೆ ಮಡುಗಟ್ಟಿದ ವಿಷಗಾಳಿಗೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಅಣ್ಣನೋ ತಮ್ಮನೋ ಅಲ್ಲೇ ಉಳಿಯುತ್ತಾನೆ. ಎರಡು ಗುಂಡಿಯ ಪಾಯಿಖಾನೆಯಲ್ಲಿ ಹಸಿ ಮಲವನ್ನು ಯಾರೂ ಮುಟ್ಟುವ ಹಾಗಿಲ್ಲ. ಮನೆಯವರೇ ಸಲಿಕೆ ಹಿಡಿದು ಗೊಬ್ಬರ ತೆಗೆದುಕೊಳ್ಳಬಹುದು. ಅದು ಅಗ್ಗ ಎನ್ನುವುದಕ್ಕಿಂತ, ಈ ಒಂದು ಕಾರಣಕ್ಕೆ ನಾನು ಅದರ ಪರವಾಗಿ ಎಷ್ಟು ಹೊತ್ತು ಬೇಕಾದರೂ ವಾದ ಮಾಡುತ್ತೇನೆ.

ಈಗಾಗಲೇ ಟ್ಯಾಂಕು ಕಟ್ಟಿಸಿಕೊಂಡವರು ಸಕ್ಕಿಂಗ್ ಗಾಡಿ ಕರೆಸುತ್ತಾರೆ. ಗಾಡಿ ಬಂದು ಪೈಪ್ ಹಾಕಿ ಎಳೆದುಕೊಂಡು ಹೋಗುತ್ತದೆ, ದುಡ್ಡು ಕೊಟ್ಟವರಿಗೆ ಅಲ್ಲಿಗೆ ನಿಶ್ಚಿಂತೆ. ಆ ಗಾಡಿ ಎಲ್ಲಿ ಖಾಲಿಯಾಯಿತು? ಕೆರೆಯಂಗಳದಲ್ಲಿ, ಮೋರಿಯಲ್ಲಿ, ಕೆಲವು ಸಲ ಬಾಳೆ ತೋಟದಲ್ಲಿ. ತೋಟಕ್ಕೆ ಹಾಕಿಸಿಕೊಳ್ಳುವ ರೈತನಿಗೆ ಅದರ ಸಾರ ಗೊತ್ತು, ಅವನ ತಿಳಿವಳಿಕೆ ತಪ್ಪಲ್ಲ. ಆದರೆ ಹಸಿಯಾಗಿ ಹಾಕಿದರೆ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷದ ಮೇಲೂ ಬದುಕಿರಬಲ್ಲವು, ಬರಿಗಾಲಿನಲ್ಲಿ ಕಳೆ ಕೀಳುವ ಹೆಂಗಸರಿಗೆ ಅಪಾಯ. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. 2015ರಲ್ಲಿ ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯವರು ಪುರಸಭೆಯ ಜೊತೆ ಸೇರಿ ಟ್ಯಾಂಕಿನ ಗಸಿಗೆಂದೇ ಒಂದು ಶುದ್ಧೀಕರಣ ಘಟಕ ಕಟ್ಟಿದರು. ದೇಶದಲ್ಲಿ ಒಂದು ಪಟ್ಟಣಕ್ಕೆಂದು ಕಟ್ಟಿದ ಮೊದಲನೆಯದು ಅದು. ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಗಾಡಿಯಷ್ಟು. ಗಸಿ ತೊಟ್ಟಿಯಿಂದ ತೊಟ್ಟಿಗೆ ಇಳಿಜಾರಿನಲ್ಲೇ ಇಳಿದು, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತು, ಒಣಗುವ ಹಾಸಿನ ಮೇಲೆ ಬಿಸಿಲಿಗೆ ಒಣಗುತ್ತದೆ. ಆಮೇಲೆ ಅದನ್ನು ಪಟ್ಟಣದ ಹಸಿ ಕಸದ ಜೊತೆ ಬೆರೆಸಿ ಗುಡ್ಡೆ ಹಾಕುತ್ತಾರೆ. ಗುಡ್ಡೆಯೊಳಗಿನ ಕಾವು ಹುಳುವಿನ ಮೊಟ್ಟೆಯನ್ನೂ ಕೊಲ್ಲುತ್ತದೆ. ಉಳಿದದ್ದು ರೈತರಿಗೆ ಗೊಬ್ಬರ. ಹತ್ತಾರು ಪಂಚಾಯ್ತಿಗಳು ಕೂಡಿ ಹೀಗೊಂದನ್ನು ಮಾಡಿಕೊಂಡರೆ ಸಾಕು, ಊರಿಗೊಂದು ಬೇಡ.

ಹಿತ್ತಿಲಿಲ್ಲದ ಮನೆಗಳ ನೀರಿನ ವಿಷಯಕ್ಕೆ ಬಂದರೆ ನನಗೆ ನೆನಪಾಗುವವರು ಪಂಜಾಬಿನ ಬಲಬೀರ್ ಸಿಂಗ್ ಸೀಚೆವಾಲ್. ಗುರು ನಾನಕರ ನೆನಪಿನ ಕಾಲಿ ಬೇಯಿ ಹೊಳೆ, 160 ಕಿಲೋಮೀಟರ್ ಉದ್ದದ್ದು, ಊರೂರಿನ ಕೊಳಚೆ ಬಿದ್ದು ಜೊಂಡು ಬೆಳೆದು ಹೊಳೆಯೆಂಬ ಗುರುತೇ ಅಳಿದಿತ್ತು. 2000ದಲ್ಲಿ ಅವರು ಜನರನ್ನು ಕಟ್ಟಿಕೊಂಡು ನೀರಿಗಿಳಿದರು. ಸೇವೆಯೆಂದು ಬಂದ ಸಾವಿರಾರು ಜನ ಕೈಯಿಂದ ಜೊಂಡು ಕಿತ್ತರು, ಹೂಳೆತ್ತಿದರು. ಆದರೆ ನಾನು ಅವರನ್ನು ಮೆಚ್ಚುವುದು ಆಮೇಲಿನ ಕೆಲಸಕ್ಕೆ. ಊರಿನ ಕೊಳಚೆ ಮತ್ತೆ ಹೊಳೆಗೆ ಬಂದರೆ ಕಿತ್ತದ್ದೆಲ್ಲ ವ್ಯರ್ಥ ಎಂದು ಅವರಿಗೆ ಗೊತ್ತಿತ್ತು. ಊರಿನ ನೀರನ್ನೆಲ್ಲ ಮೊದಲು ಸಾಲಾಗಿ ತೆಗೆದ ಬಾವಿಯಂಥ ಗುಂಡಿಗಳಿಗೆ ತಂದು, ಅಲ್ಲಿ ಮಣ್ಣು ತಳಕ್ಕೆ ಜಿಡ್ಡು ಮೇಲಕ್ಕೆ ಬಿಟ್ಟು, ತಿಳಿಯನ್ನು ಕೊಳಕ್ಕೆ ಬಿಟ್ಟು, ಬಿಸಿಲಿನಲ್ಲಿ ಕೆಲವು ದಿನ ಇರಿಸಿ ಹೊಲಗಳಿಗೆ ಹಾಯಿಸಿದರು. ಅವರ ಸೀಚೆವಾಲ್ ಹಳ್ಳಿಯ ಹೆಸರು ಈಗ ಆ ಪದ್ಧತಿಗೇ ಬಂದಿದೆ.

ನಮ್ಮ ಊರಿನ ಚರಂಡಿ ಸೇರುವ ಕೆರೆಯ ಹಿಂದಿನ ಗೋಮಾಳದಲ್ಲಿ ಇದನ್ನೇ ಮಾಡಬಹುದು. ಮೊದಲು ಕಸ ತಡೆಯುವ ಜಾಲರಿ, ಆಮೇಲೆ ಒಂದು ಆಳದ ಗುಂಡಿ, ಆಮೇಲೆ ಮೂರು ನಾಲ್ಕು ಅಡಿ ಆಳದ ಅಗಲವಾದ ಕೊಳ, ಕಡೆಗೆ ಜಲ್ಲಿ ತುಂಬಿದ ಹಾಸಿನಲ್ಲಿ ಜೊಂಡು, ಕ್ಯಾನಾ ಗಿಡ. ಗಿಡದ ಬೇರಿಗೆ, ಜಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಉಳಿದ ಕೊಳೆ ತಿನ್ನುತ್ತವೆ. ಆ ನೀರು ತೆಂಗಿಗೆ, ರೇಷ್ಮೆ ಬೆಳೆಯುವವರ ಹಿಪ್ಪುನೇರಳೆಗೆ, ಮೇವಿನ ಹುಲ್ಲಿಗೆ ಆಗುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬೇಡ.

ಕೆರೆಯ ವಿಷಯದಲ್ಲಿ ನನಗೆ ಒಂದು ನೋವಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ, ನೂರಕ್ಕೂ ಮೇಲೆ ಕೆರೆಗಳು. ನೊರೆ ಬಂತು, ಜನ ಗಾಬರಿಯಾದರು, ಕೋರ್ಟು ಕಚೇರಿ ಆಯಿತು. ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಎಂದು ಕೇಳುವವರ ಮಾತು ನ್ಯಾಯವಾದದ್ದು, ನಾನೂ ಅದನ್ನೇ ಕೇಳುತ್ತೇನೆ. ಬತ್ತಿದ ಬೋರ್‌ಗಳಲ್ಲಿ ನೀರು ಬಂದದ್ದನ್ನು ಕಂಡ ರೈತರ ಮಾತನ್ನೂ ತಳ್ಳಿಹಾಕುವುದಿಲ್ಲ. ಆದರೆ ಬೆಂಗಳೂರಿನ ನೀರಿಗೆ ಪರೀಕ್ಷೆ ಬೇಕು ಎಂದು ಧರಣಿ ಕೂತ ನಾವು, ನಮ್ಮದೇ ಊರಿನ ಚರಂಡಿ ಒಂದು ಹಂತವೂ ಶುದ್ಧವಾಗದೆ ನಮ್ಮದೇ ಕೆರೆಗೆ ಬೀಳುವುದನ್ನು ಕೇಳುವುದಿಲ್ಲ. ಕೆರೆ ತುಂಬ ಅಂತರಗಂಗೆ ಕಳೆ ಹಬ್ಬಿದ್ದು ಯಾರಿಂದ? ಸೋಪಿನ, ಮಲದ ಸತ್ವ ಉಂಡು ಅದು ಬೆಳೆಯುತ್ತದೆ.

“ಇದಕ್ಕೆಲ್ಲ ದುಡ್ಡೆಲ್ಲಿದೆ ಪಂಚಾಯ್ತಿಯಲ್ಲಿ?” ಇದು ಗಾರೆ ಅಣ್ಣನ ಪ್ರಶ್ನೆ. ದುಡ್ಡು ಇಲ್ಲದೆ ಇರಲಿಲ್ಲ. 2020ರಲ್ಲಿ ಶುರುವಾದ ಸ್ವಚ್ಛ ಭಾರತದ ಎರಡನೆಯ ಹಂತದಲ್ಲಿ, 5,000ದವರೆಗೆ ಜನಸಂಖ್ಯೆ ಇರುವ ಊರಿಗೆ ಬಚ್ಚಲ ನೀರಿನ ಕೆಲಸಕ್ಕೆಂದೇ ತಲೆಗೆ 280 ರೂಪಾಯಿವರೆಗೆ ಇಟ್ಟಿದ್ದರು. ಸಾವಿರ ಜನರ ಊರಿಗೆ 2,80,000. ಅದರಲ್ಲಿ ಒಂದು ಪಾಲು ಹಣಕಾಸು ಆಯೋಗದ ಅನುದಾನದಿಂದ. ದೊಡ್ಡ ಮೊತ್ತವಲ್ಲ, ಆದರೆ ಕೊಳ ತೋಡುವುದಕ್ಕೆ, ಜಲ್ಲಿ ತುಂಬುವುದಕ್ಕೆ ಸಣ್ಣದೂ ಅಲ್ಲ. ಆ ದುಡ್ಡೂ ಚರಂಡಿಯ ಸಿಮೆಂಟಿಗೇ ಹೋದರೆ ಏನು ಮಾಡುವುದು? ಗ್ರಾಮಸಭೆಯಲ್ಲಿ ಪಿಡಿಒ ಸಾಹೇಬರನ್ನು ಕೇಳಬೇಕು: ಚರಂಡಿ ಎಲ್ಲಿ ಮುಗಿಯುತ್ತದೆ, ಅಲ್ಲಿ ಏನು ಕಟ್ಟುತ್ತೀರಿ, ವಾರಕ್ಕೊಮ್ಮೆ ಗಸಿ ತೆಗೆಯುವವರಿಗೆ ಸಂಬಳ ಯಾವ ಲೆಕ್ಕದಿಂದ, ಕೈಗೆ ಗ್ಲೌಸು ಕಾಲಿಗೆ ಬೂಟು ಯಾರು ಕೊಡುತ್ತಾರೆ. ಕೊನೆಯ ಎರಡು ಪ್ರಶ್ನೆಗೆ ಉತ್ತರವಿಲ್ಲದ ಕೆಲಸಗಳೇ ಮೊದಲ ವರ್ಷ ಫೋಟೋ ತೆಗೆಸಿಕೊಂಡು ಎರಡನೆಯ ವರ್ಷ ಪೊದೆ ಬೆಳೆಯುವಂಥವು. ಈ ಸಲ ಸಭೆಗೆ ಹೆಂಗಸರೆಲ್ಲ ಹೋಗೋಣ ಎಂದು ನಮ್ಮ ಹೆಂಗಸರ ಸಂಘದಲ್ಲಿ ಮಾತಾಗಿದೆ. ಕೆಳಗಿನ ಕೇರಿಯ ಅಕ್ಕಂದಿರು ಮೊದಲು ಮಾತಾಡಲಿ ಎಂದೂ ತೀರ್ಮಾನವಾಗಿದೆ, ನೀರು ನಿಂತಿರುವುದು ಅವರ ಬಾಗಿಲಲ್ಲಿ.

ದೊಡ್ಡಮ್ಮನ ಹಿತ್ತಿಲ ಗುಂಡಿಗೆ ಜಾಗವನ್ನು ನಾವೇ ಅಳೆದು ಗುರುತು ಹಾಕಿದ್ದೇವೆ. ಕೈಪಂಪಿನಿಂದ ನಲವತ್ತು ಅಡಿ ದೂರ, ಗೋಡೆಯ ಪಾಯದಿಂದ ಆರು ಅಡಿ ಈಚೆಗೆ, ಬೇಲಿಯ ಪಕ್ಕ. ಕುಳಿ ತೋಡಿ ನೀರು ಹೊಯ್ದು ನೋಡಿಯೂ ಆಯಿತು, ಬೇಗ ಇಳಿಯಿತು. ತೊಟ್ಟಿಯನ್ನು ಗಾರೆ ಅಣ್ಣನೇ ಕಟ್ಟುತ್ತಾನೆ. ಈಗ ಉಳಿದಿರುವುದು ಗುಂಡಿಯ ಸುತ್ತ ಯಾವ ಬಾಳೆ ಹಾಕಬೇಕೆಂಬುದು. ನಾನು ಏಲಕ್ಕಿ ಬಾಳೆ ಅಂದೆ. ಅವರು, “ಪಚ್ಚಬಾಳೆ ಹಾಕಿದ್ರೆ ಗೊನೆ ದೊಡ್ಡದು ಬರ್ತದೆ, ಗಾಳಿಗೂ ಬೀಳಲ್ಲ. ನಿಮ್ಮ ಕಡೆಗೆ ಕಂದು ಬಂದ್ರೆ ನೀನು ಇಟ್ಕೋ, ಗೊನೆ ಬೇಲಿ ಆಚೆಗೆ ಬಾಗಿದ್ರೂ ಅದು ನಂದೇ” ಅಂದರು.